ಶರಣಪ್ಪನವರಿಗೆ ತೋರಿಸಿದ ಮೂರನೆಯ ಡಿಶ್

ಆಗ ನಾನು ಛತ್ರಪತಿ ಸಂಭಾಜಿನಗರದ ಸಂಶೋಧನಾ ಲ್ಯಾಬೊಂದರಲ್ಲಿ ಸೆಲ್ ಕಲ್ಚರ್ ವಿಭಾಗದ ಮುಖ್ಯಸ್ಥೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸೆಲ್ ಕಲ್ಚರ್ ಎಂದರೆ ಜೀವಕೋಶಗಳನ್ನು ದೇಹದ ಹೊರಗೆ, ಪೋಷಕ ದ್ರವ ತುಂಬಿದ ಪುಟ್ಟ ಡಿಶ್‌ಗಳಲ್ಲಿ ಬೆಳೆಸುವುದು. ನಾವು ಬೆಳೆಸುತ್ತಿದ್ದದ್ದು ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳನ್ನು. ಅವುಗಳ ಮೇಲೆ ಭಾರಿ ಪ್ರಮಾಣದ ವಿಟಮಿನ್ ಸಿ ಹಾಕಿ ಏನಾಗುತ್ತದೆಂದು ನೋಡುತ್ತಿದ್ದೆವು.

ಒಂದು ಸೋಮವಾರ ಬೆಳಿಗ್ಗೆ ನಾಸಿಕದಿಂದ ಶರಣಪ್ಪ ಮತ್ತು ಅವರ ಹೆಂಡತಿ ಮಹಾದೇವಿ ಬಂದರು. ಬೀದರ್ ಕಡೆಯವರು, ನಮ್ಮ ಅಣ್ಣನ ಬೀಗರ ಪೈಕಿ. ಶರಣಪ್ಪ ನಾಸಿಕದ ಕೈಗಾರಿಕಾ ಪ್ರದೇಶವಾದ ಅಂಬಡ್‌ನ ಸ್ವಿಚ್ ಕಾರ್ಖಾನೆಯೊಂದರಲ್ಲಿ ಮಾಲು ಪರೀಕ್ಷಿಸಿ ಸಹಿ ಹಾಕುವ ಕ್ವಾಲಿಟಿ ಇನ್‌ಸ್ಪೆಕ್ಟರ್. ಅವರಿಗೆ ಕರುಳಿನ ಕ್ಯಾನ್ಸರ್ ಆಗಿತ್ತು. ಹರಡಿಲ್ಲ, ಬೇಗ ಆಪರೇಷನ್ ಮಾಡಿಸಿಕೊಳ್ಳಿ ಎಂದಿದ್ದರು ಡಾಕ್ಟರು. ಇವರು ವಿಟಮಿನ್ ಸಿಯಿಂದಲೇ ಕ್ಯಾನ್ಸರ್ ವಾಸಿಯಾಗುತ್ತದೆಂಬ ಯಾವುದೋ ವಿಡಿಯೋವನ್ನು ಮೊಬೈಲಿನಲ್ಲಿ ನೋಡಿ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟಿದ್ದರು.

"ಕೊಯ್ಯೋದು ಬ್ಯಾಡ್ರಿ ಅಕ್ಕೋರೆ. ನಿಮ್ಮ ವಿಟಮಿನ್ನೇ ಕೊಡ್ರಿ, ಸಾಕು," ಎಂದರು ಶರಣಪ್ಪ.

ಮಹಾದೇವಿ ನನ್ನ ಮುಖವನ್ನೇ ನೋಡುತ್ತಿದ್ದರು.

ಆಮೇಲೆ ತಪ್ಪು ಮಾಡಿದ್ದು ನಾನು. ಫಲಿತಾಂಶ ಚೆನ್ನಾಗಿ ಬಂದ ಹುರುಪಿನಲ್ಲಿ ಅವರನ್ನು ಮೈಕ್ರೋಸ್ಕೋಪಿನ ಮಾನಿಟರ್ ಮುಂದೆ ಕೂರಿಸಿ ಎರಡು ಡಿಶ್ ತೋರಿಸಿದೆ. ಮೊದಲನೆಯದರಲ್ಲಿ ಕೋಶಗಳು ಹಾಸುಗಲ್ಲುಗಳಂತೆ ಒತ್ತಾಗಿ ಅಂಟಿಕೊಂಡಿದ್ದವು. ವಿಟಮಿನ್ ಹಾಕಿದ ಎರಡನೆಯದರಲ್ಲಿ ಮುದುಡಿ, ಗುಂಡಗಾಗಿ, ಸತ್ತು ತೇಲುತ್ತಿದ್ದವು. ಈ ಬಗೆಯ ಕೋಶಗಳಿಗೆ ಸಕ್ಕರೆಯ ಹಸಿವು ಹೆಚ್ಚು. ಸಕ್ಕರೆ ಒಳಬರುವ ದಾರಿಯಲ್ಲೇ ವಿಟಮಿನ್ ಸಿಯ ಒಂದು ರೂಪವೂ ನುಗ್ಗಿ ಕೋಶದ ರಕ್ಷಣೆಯನ್ನು ಬರಿದು ಮಾಡುತ್ತದೆ ಎಂದು ಉತ್ಸಾಹದಿಂದ ವಿವರಿಸಿದೆ.

"ನೋಡ್ದಿ?" ಎಂದು ಶರಣಪ್ಪ ಹೆಂಡತಿಯತ್ತ ತಿರುಗಿದರು. "ಸತ್ತಾವ! ಇನ್ನ ಆಪರೇಷನ್ ಯಾಕ?"

ಡಿಶ್ಶಿಗೆ ಹಾಕಿದಷ್ಟು ವಿಟಮಿನ್ ಮಾತ್ರೆಯಿಂದ ರಕ್ತಕ್ಕೆ ಸೇರುವುದೇ ಇಲ್ಲವೆಂದು ನಾನು ಹೇಳಿರಲಿಲ್ಲ. ನಾಳೆಯವರೆಗೆ ಇಲ್ಲೇ ಉಳಿಯಿರೆಂದು ಅವರನ್ನು ಒಪ್ಪಿಸಿ ಮೂರನೆಯ ಡಿಶ್ ಸಿದ್ಧಮಾಡಿದೆ. ಅದೇ ಕೋಶಗಳು, ಆದರೆ ಎಷ್ಟೇ ಮಾತ್ರೆ ನುಂಗಿದರೂ ರಕ್ತದಲ್ಲಿ ಸೇರಬಹುದಾದಷ್ಟು ಮಾತ್ರ ವಿಟಮಿನ್.

ಮರುದಿನ ನೋಡಿದರೆ ಕೋಶಗಳು ಹಾಯಾಗಿ ಬೆಳೆದಿದ್ದವು. ನೇರ ರಕ್ತನಾಳಕ್ಕೆ ಕೊಟ್ಟರೆ ಹೆಚ್ಚಿನ ಪ್ರಮಾಣ ಮುಟ್ಟಿಸಬಹುದು, ಆದರೆ ಅದರಿಂದ ಮನುಷ್ಯರ ಕ್ಯಾನ್ಸರ್ ವಾಸಿಯಾಗುತ್ತದೆಂದು ಇನ್ನೂ ಸಾಬೀತಾಗಿಲ್ಲ ಎಂದು ಬಿಚ್ಚಿ ಹೇಳಿದೆ.

ಶರಣಪ್ಪ ಸ್ಕ್ರೀನಿನತ್ತ ಬಾಗಿ ನೋಡಿದರು.

"ಅಂದ್ರ ಟೆಸ್ಟ್ ಬೆಂಚಿನ ಮ್ಯಾಲ ಪಾಸಾಗ್ಯದ, ಫೀಲ್ಡ್ ಟೆಸ್ಟ್ ಬಾಕಿ ಅದ."

"ಹೌದ್ರಿ."

"ಅಂಥಾ ಮಾಲಿಗಿ ನಾ ಎಂದೂ ಸಹಿ ಹಾಕಿಲ್ರಿ." ಎದ್ದು ನಿಂತು ಹೆಂಡತಿಗೆ ಹೇಳಿದರು, "ನಡಿ, ನಾಸಿಕ್ ಬಸ್ ಹಿಡಿಯೂಣು. ಡಾಕ್ಟರಿಗಿ ಫೋನ್ ಹಚ್ಚು."

ಮಹಾದೇವಿ ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕುಬಿಟ್ಟರು.

ಅದೇ ವಾರ ಆಪರೇಷನ್ ಆಯಿತು. ಗಡ್ಡೆ ಪೂರ್ತಿಯಾಗಿ ಹೊರಬಂತು.

ಡಿಶ್ಶಿನಲ್ಲಿ ಕಂಡದ್ದನ್ನು ಹೇಳುವಾಗ ಅದರಿಂದ ಇನ್ನೂ ಏನು ಗೊತ್ತಾಗಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕೆಂದು ನಾನು ಕಲಿತದ್ದು ಆ ಎರಡು ದಿನಗಳಲ್ಲಿ. ಕಿರಿಯರಿಗೆ ಈಗಲೂ ಅದನ್ನೇ ಹೇಳುತ್ತೇನೆ.

ಮುಂದಿನ ವರ್ಷ ಚಳಿಗಾಲದಲ್ಲಿ ದಂಪತಿ ಮತ್ತೆ ಬಂದರು; ಮೂವರೂ ಸೇರಿ ದೌಲತಾಬಾದ್ ಕೋಟೆ ಹತ್ತಲು ಹೊರಟೆವು. ಅರ್ಧದಲ್ಲೇ ನನಗೆ ಏದುಸಿರು ಬಂದು ಮೆಟ್ಟಿಲ ಮೇಲೆ ಕೂತೆ. ಆಗಲೇ ಬಹಳ ಮೇಲೇರಿದ್ದ ಶರಣಪ್ಪ ಅಲ್ಲಿಂದಲೇ ಕೈಬೀಸಿ ಕೂಗಿದರು:

"ಏಳ್ರಿ ಅಕ್ಕೋರೆ! ಗಾಳಿ ಭಾಳ ಛಂದ ಬರ್ಲಿಕತ್ತದ, ಬರ್ರಿ!"