ತುಂಡಾದ ಮೇಲೆ ಬಾ

ಪಾರ್ಸೆಲ್ ಕಂಪನಿಯ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ಬಿಗಿಯಣ್ಣ ಎಂದೇ ಕರೆಯುತ್ತಿದ್ದರು. ಅಮ್ಮ ಇಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಕಿವಿಗೆ ಬೀಳುತ್ತಿತ್ತು. ರಸ್ತೆ ಬದಿಯ ಗ್ಯಾರೇಜಿನಲ್ಲಿ ಬೈಗುಳ ತಿಂದು ಕಲಿತ ಕೆಲಸ. ಕ್ಲಚ್ ಹಿಡಿಕೆಯನ್ನು ಎರಡು ಬೆರಳಲ್ಲಿ ಎಳೆದು ನೋಡಿ, ಒಂದು ನಾಣ್ಯದ ದಪ್ಪದಷ್ಟು ಸಡಿಲ ಉಳಿಸಿ, ಗಾಡಿಯ ಬೆನ್ನು ತಟ್ಟಿ ಕಳಿಸುತ್ತಿದ್ದ. ಸವಾರರು ಹೊಗಳಿದರೆ ಮೀಸೆಯಡಿ ನಗುತ್ತಿದ್ದ.

ಆ ಶೆಡ್ಡಿಗೆ ಒಂದು ನಿಯಮವಿತ್ತು. ಹರಿದ ಕೇಬಲ್ಲಿನ ತುಂಡು ತಂದು ಕೊಟ್ಟವರಿಗೆ ಮಾತ್ರ ಹೊಸ ಕೇಬಲ್ಲು. ಹರಿಯುವಂತಿದೆ, ಇವತ್ತೋ ನಾಳೆಯೋ ಎಂದರೆ ಕೊಡುವುದಿಲ್ಲ. ಈ ನಿಯಮ ಬರೆದ ಪುಣ್ಯಾತ್ಮ ಜನ್ಮದಲ್ಲಿ ಬೈಕು ಹತ್ತಿರಲಿಕ್ಕಿಲ್ಲ, ಅಥವಾ ಹತ್ತುವವರು ಯಾರ ಮನೆಯವರೋ ನಮಗೇನು ಎಂದುಕೊಂಡಿರಬೇಕು.

ಕ್ಲಚ್ ಕೇಬಲ್ಲನ್ನು ಬಿಗಿಸುವ ಜಾಗ ಎರಡು. ಒಂದು ಮೇಲೆ, ಹಿಡಿಕೆಯ ಬುಡದಲ್ಲಿ. ಇನ್ನೊಂದು ಕೆಳಗೆ, ಎಂಜಿನ್ನಿನ ಪಕ್ಕದಲ್ಲಿ. ತಂತಿ ಹಿಗ್ಗಿದ ಹಾಗೆಲ್ಲ ಮೇಲಿನ ತಿರುಪನ್ನು ಹೊರಗೆ ತಿರುಗಿಸುತ್ತಾ ಬರಬೇಕು. ಅದು ಪೂರ್ತಿ ಹೊರಗೆ ಬಂತೆಂದರೆ ಕೇಬಲ್ಲಿನ ಕಾಲ ಮುಗಿಯಿತು, ಕಣ್ಣಿದ್ದವರಿಗೆಲ್ಲ ಕಾಣುತ್ತದೆ. ಒಮ್ಮೆ ತಪಾಸಣೆಯ ದಿನ ಬಿಗಿಯಣ್ಣ ಸಡಿಲವನ್ನೆಲ್ಲ ಕೆಳಗಿನ ನಟ್ಟಿನಲ್ಲೇ ಎಳೆದುಕೊಂಡು, ಮೇಲಿನ ತಿರುಪನ್ನು ಒಳಗೆ ಕೂರಿಸಿಬಿಟ್ಟ. ಮುದಿ ಕೇಬಲ್ಲು ಮದುವೆಗಂಡಿನ ಹಾಗೆ ಕಂಡಿತು. ತಪಾಸಣೆಯವನು ಸೊಂಟ ಬಗ್ಗಿಸುವ ಪೈಕಿಯಲ್ಲ. ಶೆಡ್ಡಿನ ಉಸ್ತುವಾರಿ ಹೆಗಲ ಮೇಲೆ ಕೈ ಹಾಕಿ ಭೇಷ್ ಎಂದ. ಅಲ್ಲಿಂದಾಚೆಗೆ ಪ್ರತಿ ಗಾಡಿಗೂ ಅದೇ ಪದ್ಧತಿ. ಶಹಬ್ಬಾಸ್‌ಗಿರಿಗೆ ಹಸಿದವನಿಂದ ಏನು ಬೇಕಾದರೂ ಮಾಡಿಸಬಹುದು.

ಸವಾರರ ಅಭ್ಯಾಸವೂ ಕೆಟ್ಟದ್ದು. ಸಿಗ್ನಲ್ಲಿನಲ್ಲಿ ಯಾರೂ ನ್ಯೂಟ್ರಲ್ಲಿಗೆ ಬರುವುದಿಲ್ಲ. ಗೇರಿನಲ್ಲೇ ಕ್ಲಚ್ ಹಿಡಿದು ನಿಲ್ಲುತ್ತಾರೆ, ಹಸಿರು ಬಿದ್ದ ಕೂಡಲೇ ಚಿಮ್ಮಬೇಕು, ತಡವಾದರೆ ಕಂಪನಿಯ ಫೋನು ಗೊಣಗಲು ಶುರು. ಆ ಗಳಿಗೆಯಲ್ಲಿ ತಂತಿ ಹರಿದರೆ ಗಾಡಿ ಯಾರ ಮಾತೂ ಕೇಳದೆ ನೇರ ಅಡ್ಡರಸ್ತೆಗೆ ಹಾರುತ್ತದೆ. ಹೋದ ವಾರ ಒಬ್ಬನಿಗೆ ಹಾಗೇ ಆಗಿ, ಲಾರಿಯ ಚಕ್ರಕ್ಕೆ ಇನ್ನೊಂದು ಗೇಣಿರುವಾಗ ಎಂಜಿನ್ ನಿಂತಿತ್ತು. ಶೆಡ್ಡಿಗೆ ಬಂದು ಅವನೇ ಅದನ್ನು ತಮಾಷೆಯಾಗಿ ಹೇಳಿದ, ಎಲ್ಲರೂ ನಕ್ಕರು. ಹರಿದ ತುಂಡು ಕೊಟ್ಟ, ಹೊಸದು ಸಿಕ್ಕಿತು. ನಿಯಮ ಸರಿಯಾಗಿಯೇ ಕೆಲಸ ಮಾಡಿತ್ತು.

ಬಿಗಿಯಣ್ಣನ ತಂಗಿಯೂ ಅಲ್ಲೇ ಗಾಡಿ ಓಡಿಸುತ್ತಿದ್ದಳು. ಗಂಡನ ಸಹವಾಸ ಸಾಕೆಂದು ಮಗಳನ್ನು ಕರೆದುಕೊಂಡು ಅಣ್ಣನ ಒಂದೂವರೆ ಕೋಣೆಗೆ ಬಂದವಳು. ಕೆಲಸ ಕೊಡಿಸಿದ್ದೂ ಅವನೇ. ಅವತ್ತು ಮಗಳನ್ನು ಶಾಲೆಗೆ ಬಿಟ್ಟು ಅವಳು ಬರುವ ಹೊತ್ತಿಗೆ ಮಿಕ್ಕವರೆಲ್ಲ ಹೊರಟಾಗಿತ್ತು.

"ಅಣ್ಣಾ, ಕ್ಲಚ್ ಒಂಚೂರು ಹಗುರ ಮಾಡ್ಕೊಡು. ಸಂಜೆ ಹೊತ್ತಿಗೆ ಮಣಿಕಟ್ಟು ನಂದಾ ಬೇರೆಯವರದ್ದಾ ಅನ್ನಿಸುತ್ತೆ."

ಅವನು ಹಿಡಿಕೆಯ ರಬ್ಬರ್ ಟೋಪಿ ಸರಿಸಿದ. ತಂತಿಯ ಅರ್ಧ ಎಳೆಗಳು ಹರಿದು, ಸವೆದ ಪೊರಕೆಯ ತುದಿಯಂತೆ ಕೆದರಿದ್ದವು. ಕೆಳಗಿನ ನಟ್ಟಿನಲ್ಲಿ ಇನ್ನು ತಿರುಗಿಸಲು ಏನೂ ಉಳಿದಿರಲಿಲ್ಲ. ಎದ್ದವನೇ ಉಸ್ತುವಾರಿಯ ಕೋಣೆಗೆ ಹೋದ.

"ತುಂಡಾಗಿದೆಯಾ?" ಎಂದು ಕೇಳಿದ ಉಸ್ತುವಾರಿ, ತಲೆ ಎತ್ತದೆ.

"ಆಗುತ್ತೆ ಸರ್."

"ಆದ ಮೇಲೆ ಬಾ." ಆಮೇಲೆ ತಲೆ ಎತ್ತಿ ಅವನನ್ನೇ ನೋಡಿದ. "ಇಷ್ಟು ದಿನ ಇಲ್ಲದ್ದು ಇವತ್ತೇನಪ್ಪಾ? ತಂಗಿ ಗಾಡಿ ಅಂತಲಾ?"

ಆ ಮನುಷ್ಯ ಬಾಯಿ ತೆರೆದರೆ ಸುಳ್ಳು ಎಂದುಕೊಂಡಿದ್ದ ಬಿಗಿಯಣ್ಣ. ಈ ಒಂದು ಮಾತು ಮಾತ್ರ ನಿಜವಾಗಿತ್ತು.

ಹೊರಗೆ ಬಂದು ಇಕ್ಕಳ ತೆಗೆದುಕೊಂಡು ಕೇಬಲ್ಲನ್ನು ಕತ್ತರಿಸಿಯೇ ಬಿಟ್ಟ. ತಂಗಿ ಬಿಟ್ಟ ಕಣ್ಣು ಬಿಟ್ಟಂತೆ ನಿಂತಳು. ಹಿಂದೆಯೇ ಬಂದ ಉಸ್ತುವಾರಿ ತುಂಡನ್ನು ಬೆಳಕಿಗೆ ಹಿಡಿದು ನೋಡಿ, ಇದು ಹರಿದದ್ದಲ್ಲ, ಕತ್ತರಿಸಿದ್ದು, ಇದಕ್ಕೆ ಹೊಸದು ಸಿಗುವುದಿಲ್ಲ ಎಂದ. ದನಿ ಏರಿಸಲಿಲ್ಲ. ಮೂಲೆಯಲ್ಲಿದ್ದ ಇನ್ನೊಂದು ಗಾಡಿಯ ಕೀ ತಂದು ತಂಗಿಯ ಕೈಗಿಟ್ಟು, "ನೀನು ಹೊರಡಮ್ಮ, ನಿಮ್ಮಣ್ಣನ್ನ ನಾನು ವಿಚಾರಿಸ್ಕೋತೀನಿ" ಎಂದು ಒಳಗೆ ಹೋದ.

ಅವಳು ಗಾಡಿ ಶುರು ಮಾಡಿದಳು. ಅವನು ಅಡ್ಡ ಬಂದು ಹ್ಯಾಂಡಲ್ ಹಿಡಿದ.

"ಬಿಡಣ್ಣ. ಇರೋ ಕೆಲಸಾನೂ ಕಳೀತೀಯಾ?"

"ಇದನ್ನೂ ಹಾಗೇ ಬಿಗಿ ಮಾಡಿದ್ದೀನಿ ಕಣೆ. ಒಳಗೆ ತಂತೀಲಿ ಏನೂ ಉಳಿದಿಲ್ಲ."

ಅವಳು ಎಂಜಿನ್ ಆರಿಸಿದಳು. "ಹಂಗಾದ್ರೆ ಉಳಿದವು?"

ಅಂಗಳದಲ್ಲಿ ಉಳಿದ ಗಾಡಿಗಳ ಜಾಗದಲ್ಲಿ ಎಣ್ಣೆಯ ಕಲೆಗಳಷ್ಟೇ ಇದ್ದವು. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಫೋನ್ ತೆಗೆದು ಒಬ್ಬೊಬ್ಬರಿಗೇ ಕರೆ ಮಾಡತೊಡಗಿದಳು. ಅವನೂ ತನ್ನದನ್ನು ತೆಗೆದ. ಸಿಗ್ನಲ್ಲಿನಲ್ಲಿದ್ದರೆ ನ್ಯೂಟ್ರಲ್ ಹಾಕಿ, ಗಾಡಿ ಬದಿಗೆ ನಿಲ್ಲಿಸಿ, ನಡೆದೇ ಬನ್ನಿ ಎಂದು ಇಬ್ಬರೂ ಅದನ್ನೇ ಹೇಳಿದರು. ಕೆಲವರು ಹೂಂ ಎಂದರು. ಒಬ್ಬ, ಬೆಳಬೆಳಗ್ಗೆ ಉಪದೇಶನಾ ಅಕ್ಕಾ ಎಂದು ನಕ್ಕು ಇಟ್ಟ. ಹಲವರು ಎತ್ತಲೇ ಇಲ್ಲ, ಓಡಿಸುವವರು ಹೇಗೆ ಎತ್ತುತ್ತಾರೆ?

ಎಲ್ಲರೂ ಮಾವ ಎನ್ನುತ್ತಿದ್ದ ಹಿರಿಯ ಸವಾರನ ಫೋನು ರಿಂಗಾಗುತ್ತಲೇ ಇತ್ತು. ಕಡೆಗೆ ಯಾರೋ ಎತ್ತಿದರು. ಮಾವನ ದನಿಯಲ್ಲ. ಹಿಂದೆ ಹಾರನ್ನುಗಳು, ಜನರ ಗದ್ದಲ.

"ಈ ಫೋನಿನವರು ನಿಮಗೆ ಏನಾಗಬೇಕು?" ಎಂದು ಆ ದನಿ ಕೇಳಿತು.

"ಅವರ ಗಾಡಿ ರಿಪೇರಿ ಮಾಡಿದವನು" ಎಂದ ಬಿಗಿಯಣ್ಣ.