ಗುಂಜಿಯಲ್ಲಿ ಕುಳಿತವಳು ಏಳಲಿಲ್ಲ

ಅವತ್ತು ನನಗೆ ಕೈಕೊಟ್ಟದ್ದು ಹೃದಯವಲ್ಲ, ತೊಡೆಗಳು. ನಮ್ಮ ಓಣಿಯವರು ಈಗಲೂ, ಗುಂಜಿಯಲ್ಲಿ ಈ ಅಜ್ಜಿಗೆ ಹಾರ್ಟ್ ತೊಂದರೆ ಆಗಿತ್ತು ಎಂದೇ ಹೇಳುತ್ತಾರೆ. ಸುಳ್ಳು.

ಹೋದ ವರ್ಷ ಶ್ರಾವಣದಲ್ಲಿ ಖಾನಾಪುರದಾಚೆಯ ಗುಂಜಿಗೆ, ಅಕ್ಕನ ಮನೆಗೆ ಹೋಗಿದ್ದೆ. ಅದಕ್ಕೂ ಮೂರು ವರ್ಷ ಮೊದಲು ಬೆಳಗಾವಿಯ ಡಾಕ್ಟರರು ಹೃದಯದ ಬಲ ಕಡಿಮೆಯಾಗಿದೆ ಎಂದು ಗುಳಿಗೆ ಶುರು ಮಾಡಿದ್ದರು. ಅಂದಿನಿಂದ ಅಲ್ಲೇ ಖಾಸಬಾಗದ ನಮ್ಮ ಮನೆಯಲ್ಲಿ ಸೊಸೆ ನನ್ನನ್ನು ನೆಲದ ಮೇಲೆ ಕೂರಲು ಬಿಟ್ಟಿರಲಿಲ್ಲ. ಲಿಂಗಪೂಜೆಯೂ ಕುರ್ಚಿಯ ಮೇಲೆ. ಕಮೋಡನ್ನೂ ಹಾಕಿಸಿದರು. ನೀರಿನ ತಂಬಿಗೆ ಕೈಗೇ ಬರುತ್ತಿತ್ತು. ಓಣಿಯವರೆಲ್ಲ ಸೊಸೆಯನ್ನು ಹೊಗಳಿದರು. ನನಗೂ ಕೂತಲ್ಲೇ ಎಲ್ಲ ಬರುವುದರ ರುಚಿ ಹತ್ತಿತ್ತು.

ಅಕ್ಕನ ಮನೆಯ ಪಾಯಖಾನೆ ಹಿತ್ತಲಲ್ಲಿದೆ, ಕುಕ್ಕರಗಾಲಲ್ಲಿ ಕೂರುವಂಥದ್ದು. ಕೊಂಡಿ ಹಾಕಿಕೊಂಡು ಕುಳಿತೆ. ಆಮೇಲೆ ಏಳಲು ಹೋದರೆ ಏಳಲಾಗಲಿಲ್ಲ. ಹಿಡಿಯಲು ಏನೂ ಇಲ್ಲ. ಮೂರು ಸಲ ಪ್ರಯತ್ನಿಸಿ ನೋಡಿ ಅಕ್ಕನನ್ನು ಕೂಗಿದೆ. ಬಂದವನು ಅವಳ ಮಗ.

"ಚಿಗವ್ವ, ಎದಿ ನೋವೇನ? ಬಾಗಲಾ ಒದೀಲೇನ?"

"ಎದಿ ಚಲೋ ಐತಿ. ಕಾಲು ಏಳವಲ್ಲವು. ನೀ ಆ ಕಡೆ ಹೋಗು, ನಿಮ್ಮವ್ವನ ಕಳಸು."

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಬಾಗಿಲ ಸಂದಿಯಲ್ಲಿ ಕುಡಗೋಲು ತೂರಿಸಿ ಕೊಂಡಿ ಎತ್ತಿದಳು. ಕಂಕುಳಿಗೆ ಕೈ ಹಾಕಿ ಒಂದೇ ಸಲಕ್ಕೆ ನನ್ನನ್ನು ಎಬ್ಬಿಸಿದಳು. ಸೀರೆ ಸರಿಮಾಡುತ್ತ, "ನಿನ್ನ ಸೊಸಿ ನಿನ್ನ ದೇವರ ಕೂಡ್ಸಿದಂಗ ಕೂಡ್ಸ್ಯಾಳ. ದೇವ್ರು ತಾನ ಎದ್ದು ಅಡ್ಡಾಡತಾನೇನ?" ಎಂದಳು.

ಬೆಳಗಾವಿಗೆ ಬಂದ ಮೇಲೆ ಸೊಸೆಯ ಜೊತೆ ಹೋಗಿ ಡಾಕ್ಟರರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ತಪಾಸಣೆ ಮಾಡಿ, ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳಲು ಹೇಳಿದರು. ಎರಡನೆಯ ಸಲಕ್ಕೇ ಸೋತೆ.

"ಅಮ್ಮಾರ, ಹೃದಯ ಮೊದಲಿನಂಗ ಐತಿ, ಹೆಚ್ಚ ಕೆಟ್ಟಿಲ್ಲ. ಕೂತು ಕೂತು ಕಾಲಿನ ಮಾಂಸ ಕರಗೇತಿ. ಕಾಲಾಗ ಶಕ್ತಿ ಇದ್ರ ಹೃದಯಕ್ಕ ಭಾರ ಕಡಿಮಿ. ದಿನಾ ಏಳ್ರಿ, ಕುಂದರ್ರಿ. ದಮ್ಮು ಹತ್ತಿದ್ರ ನಿಲ್ಲಸ್ರಿ" ಎಂದರು.

ಹೊರಗೆ ಬಂದು ಸೊಸೆ, "ನಾ ಕೆಟ್ಟದ್ದಕ್ಕ ಮಾಡಿದ್ನೇನ್ರಿ ಅತ್ತಿ?" ಎಂದಳು.

"ನೀ ಕೂಡಿಸಿದಿ, ನಾ ಕುಂತೆ. ಇಬ್ರದೂ ತಪ್ಪ" ಎಂದೆ.

ಮರುದಿನ ಬೆಳಿಗ್ಗೆ ಚಹಾಕ್ಕೂ ಮೊದಲು ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಅದರ ಕೈಗಳನ್ನು ಹಿಡಿದು ಏಳುವುದು, ಕೂರುವುದು ಶುರು ಮಾಡಿದೆ. ಸೊಸೆ ಕೈ ಚಾಚಿಕೊಂಡು ಬಾಜೂಕೆ ನಿಂತಳು. ನಾಲ್ಕನೆಯ ಸಲಕ್ಕೆ ತೊಡೆ ನಡುಗಿತು. ಕುಳಿತು ಉಸಿರು ತೆಗೆದುಕೊಂಡೆ. ಐದನೆಯದಕ್ಕೂ ಎದ್ದೆ, ಅವಳ ಕೈ ಹಿಡಿಯದೆ.