ಪುರಾವೆ ಮೇಡಂ ಪುರಾವೆಯಿಲ್ಲದೆ ಆಡಿದ ಮಾತು

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆಕೆಗೆ ಹುಡುಗರು ಇಟ್ಟ ಹೆಸರು ಪುರಾವೆ ಮೇಡಂ. ಉತ್ತರಪತ್ರಿಕೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ 'ಪುರಾವೆ?' ಎಂದು ಬರೆಯುವುದು ಆಕೆಯ ಅಭ್ಯಾಸ. ಹೊರಗೆ ಮಳೆ ಬರುತ್ತಿದೆ ಎಂದರೂ ಮೇಡಂ ನಂಬುವುದಿಲ್ಲ, ಒದ್ದೆ ಕೊಡೆ ತೋರಿಸಬೇಕು ಎಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು. ಆಕೆಗೆ ಅದರಿಂದ ಬೇಸರವಿರಲಿಲ್ಲ, ಒಳಗೊಳಗೆ ಹೆಮ್ಮೆಯೇ.

ಅಂಥ ಆಕೆ ಒಮ್ಮೆ ಮಾತ್ರ, ಸಾಬೀತಾಗದ ಸಂಗತಿಯನ್ನು ಸಾಬೀತಾಗಿದೆ ಎಂದು ಹೇಳಿದ್ದಳು. ಹೇಳಿದ್ದು ಅತ್ತಿಗೆಗೆ, ಅಣ್ಣ ಸತ್ತ ವಾರದಲ್ಲಿ.

ಅಣ್ಣ ಲಿಫ್ಟ್ ರಿಪೇರಿಯವನು. ಸತ್ತ ದಿನ ಅವನ ಪಾಳಿ ಇರಲಿಲ್ಲ. ಬಟ್ಟೆ ಹೊಲಿಯುತ್ತಿದ್ದ ಅತ್ತಿಗೆ ಹೊಸ ಯಂತ್ರ ಕೊಂಡಿದ್ದಳು. ಅವರಿದ್ದದ್ದು ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿ. ಯಂತ್ರವನ್ನು ಹತ್ತಿಸಲು ಮರುದಿನ ಮನೆಯಲ್ಲಿರಿ, ಪಾಳಿ ಬದಲಿಸಿಕೊಳ್ಳಿ ಎಂದು ಗಂಡನಿಗೆ ಹೇಳಿದವಳು ಅವಳೇ. ಅವನು ಬದಲಿಸಿಕೊಂಡು ಹಿಂದಿನ ದಿನವೇ ಕೆಲಸಕ್ಕೆ ಹೋದ. ಯಾವುದೋ ಹಳೆಯ ಕಟ್ಟಡದಲ್ಲಿ ಲಿಫ್ಟಿನ ಬ್ರೇಕ್ ಹಿಡಿಯಲಿಲ್ಲ. ಆಮೇಲೆ ಅತ್ತಿಗೆ ಅಳಲೂ ಇಲ್ಲ, ಉಣ್ಣಲೂ ಇಲ್ಲ. ನಾನೇ ಕಳಿಸಿದೆ ಎನ್ನುವುದೊಂದೇ ಮಾತು.

ಆಗ ಮೇಡಂ ಅವಳ ಪಕ್ಕದಲ್ಲಿ ಕುಳಿತು ಕ್ವಾಂಟಮ್ ಭೌತಶಾಸ್ತ್ರ ಹೇಳಿದಳು. ಒಂದು ಕಣದ ಮುಂದೆ ಎರಡು ದಾರಿಗಳಿದ್ದರೆ ಅದು ಎರಡರಲ್ಲೂ ಹೋಗುತ್ತದೆ; ಜಗತ್ತೂ ಹಾಗೆಯೇ ಕವಲೊಡೆಯುತ್ತದೆ; ಅಣ್ಣ ಪಾಳಿ ಬದಲಿಸಿಕೊಳ್ಳದ ಜಗತ್ತೊಂದು ಇದ್ದೇ ಇದೆ, ಅಲ್ಲಿ ಅವನು ಆರಾಮಾಗಿದ್ದಾನೆ ಎಂದಳು.

"ಇದು ನಿಜ ಅಂತ ಗೊತ್ತಾಗಿದೆಯಾ?" ಎಂದು ಅತ್ತಿಗೆ ಕೇಳಿದಳು.

"ಸಾಬೀತಾಗಿದೆ ಅತ್ತಿಗೆ."

ಅತ್ತಿಗೆ ಅವತ್ತು ಎರಡು ತುತ್ತು ತಿಂದಳು.

ವರ್ಷಗಳು ಕಳೆದವು. ಅತ್ತಿಗೆಯ ಕಟ್ಟಡದ ಕೆಳಗೆ ಗುಂಡಿ, ದಾರ ಮಾರುವ ಅಂಗಡಿಯಿತ್ತು. ಅಂಗಡಿಯವರು ಹೆಂಡತಿಯನ್ನು ಕಳೆದುಕೊಂಡವರು, ಮಾತು ಕಡಿಮೆ. ಮನೆಯಲ್ಲಿ ಡಬ್ಬಿ ತುಂಬ ಗುಂಡಿಗಳಿದ್ದರೂ ಅತ್ತಿಗೆ ದಿನವೂ ಒಂದು ಗುಂಡಿಗಾಗಿ ಮೆಟ್ಟಿಲಿಳಿಯುತ್ತಿದ್ದಳು. ಕಣ್ಣಿದ್ದವರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಒಂದು ದಿನ ಅಂಗಡಿಯವರು ಮೇಡಂ ಅನ್ನು ನಿಲ್ಲಿಸಿ, ನಿಮ್ಮ ಅತ್ತಿಗೆಗೆ ಒಪ್ಪಿಗೆಯಿದ್ದರೆ ಮದುವೆಯಾಗಬೇಕೆಂದಿದ್ದೇನೆ, ನೀವೇ ಕೇಳಿ ನೋಡಿ ಎಂದರು. ಆಕೆ ಖುಷಿಯಿಂದಲೇ ಮೆಟ್ಟಿಲು ಹತ್ತಿದಳು.

ಯಂತ್ರದ ಮೇಲೆ ಗಂಡಸರ ಪ್ಯಾಂಟೊಂದಿತ್ತು. ಅತ್ತಿಗೆ ಅದರ ಸೊಂಟದ ಹೊಲಿಗೆ ಬಿಚ್ಚುತ್ತಿದ್ದಳು.

"ಯಾರದು ಅತ್ತಿಗೆ? ಕೆಳಗಿನವರ ಅಳತೆ ಆಗಲೇ ತಗೊಂಡಾಯ್ತಾ?"

ಅತ್ತಿಗೆ ನಗಲಿಲ್ಲ. "ನಿಮ್ಮಣ್ಣಂದು. ವರ್ಷಾ ವರ್ಷ ಸೊಂಟ ಸ್ವಲ್ಪ ಅಗಲ ಬಿಡ್ತೀನಿ. ಅಲ್ಲಿ ಈಗ ಹೊಟ್ಟೆ ಬಂದಿರುತ್ತಲ್ಲ, ನಿಮ್ಮಪ್ಪನ ಮೈಕಟ್ಟೇ ಅವರದ್ದು."

ಒಳಗೆ ಮಡಚಿಟ್ಟಿದ್ದ ಬಟ್ಟೆಯೆಲ್ಲ ಹೊರಗೆ ಬಂದು, ಬಿಡಲು ಇನ್ನು ಅರ್ಧ ಬೆರಳಿನಷ್ಟೂ ಉಳಿದಿರಲಿಲ್ಲ. ಮೇಡಂ ತಡವರಿಸುತ್ತ ಅಂಗಡಿಯವರ ಮಾತನ್ನು ತಿಳಿಸಿದಳು. ಅತ್ತಿಗೆ ಕೆಂಪಾದಳು, ಆಮೇಲೆ ತಲೆ ತಗ್ಗಿಸಿದಳು.

"ಒಳ್ಳೆಯವರೇ. ಆದ್ರೆ ಗಂಡ ಬದುಕಿರೋವಾಗ ಹೇಗಾಗುತ್ತೆ ಪುಟ್ಟಿ? ನೀನೇ ಹೇಳಿದ್ದಲ್ವಾ."

ಆಕೆ ಮೆಟ್ಟಿಲಿಳಿದು, ಅಂಗಡಿಯವರ ಮುಖ ನೋಡಲಾರದೆ ರಸ್ತೆಯ ಆಚೆ ಬದಿ ಹಿಡಿದಳು.

ಆ ವಾರ ತರಗತಿಯಲ್ಲಿ ಒಬ್ಬ ಹುಡುಗಿ ಪ್ರಬಂಧ ಓದುತ್ತ, ಸಮಾನಾಂತರ ವಿಶ್ವಗಳಿರುವುದನ್ನು ಕ್ವಾಂಟಮ್ ಭೌತಶಾಸ್ತ್ರ ಸಾಬೀತುಪಡಿಸಿದೆ ಎಂದಳು. ಅಭ್ಯಾಸಬಲದಿಂದ ಮೇಡಂ ಅವಳನ್ನು ತಡೆದು ತಿದ್ದಿದಳು. ಕಣ ಎರಡೂ ದಾರಿಯಲ್ಲಿ ಹೋದಂತೆ ಸಮೀಕರಣ ಹೇಳುತ್ತದೆ. ಅಳೆದಾಗ ಸಿಗುವುದು ಒಂದೇ ಕಡೆ. ಇನ್ನೊಂದು ದಾರಿ ಏನಾಯಿತು? ಅದು ಬೇರೆ ಜಗತ್ತಿನಲ್ಲಿ ಮುಂದುವರಿಯುತ್ತದೆ ಎನ್ನುವವರಿದ್ದಾರೆ. ಸಮೀಕರಣ ನಮ್ಮ ತಿಳಿವಳಿಕೆಯ ಲೆಕ್ಕ ಮಾತ್ರ, ಹೆಚ್ಚುವರಿ ಜಗತ್ತು ಬೇಡ ಎನ್ನುವವರೂ ಇದ್ದಾರೆ. ಎರಡೂ ವಾದಗಳು ನಮ್ಮ ಪ್ರಯೋಗಗಳಿಗೆ ಕೊಡುವ ಉತ್ತರ ಒಂದೇ. ಯಾವುದು ಸರಿ ಎಂದು ಈವರೆಗೆ ಯಾರೂ ತೋರಿಸಿಲ್ಲ. ಮನುಷ್ಯ ಒಂದನ್ನು ಆರಿಸಿಕೊಂಡಾಗಲೆಲ್ಲ ಜಗತ್ತು ಎರಡಾಗುತ್ತದೆ ಎನ್ನುವುದಂತೂ ಸಮೀಕರಣದಲ್ಲಿ ಎಲ್ಲೂ ಇಲ್ಲ.

"ಗೊತ್ತಿಲ್ಲ ಅನ್ನೋಕೆ ನಾಚಿಕೆ ಯಾಕಮ್ಮ?" ಎಂದು ಕೇಳಿದಳು. ಹುಡುಗಿ ಕುಗ್ಗಿಹೋದಳು. ಅದು ತನಗೇ ಕೇಳಿಕೊಳ್ಳಬೇಕಾದ ಪ್ರಶ್ನೆ ಎಂದು ಮೇಡಂಗೆ ಹೊಳೆಯಿತು. ಪಾಠ ಅಲ್ಲಿಗೇ ನಿಲ್ಲಿಸಿ, ಕೈಗಂಟಿದ ಚಾಕ್ ಪುಡಿಯನ್ನೂ ತೊಳೆಯದೆ ಅತ್ತಿಗೆಯ ಮನೆಗೆ ಹೋದಳು.

ತರಗತಿಯಲ್ಲಿ ಹೇಳಿದ್ದನ್ನೇ ಸುಲಭ ಮಾಡಿ ಅತ್ತಿಗೆಗೆ ಹೇಳಿದಳು. ಅತ್ತಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು.

"ಹಾಗಾದ್ರೆ ಸುಳ್ಳಾ?"

"ಸುಳ್ಳು ಅಂತಲೂ ಗೊತ್ತಿಲ್ಲ ಅತ್ತಿಗೆ. ಗೊತ್ತಿಲ್ಲದ್ದನ್ನ ಗೊತ್ತು ಅಂದೆ. ಅಂಥ ಜಗತ್ತು ಇದ್ರೂ ಅದು ನಮಗೆ ಸಿಗಲ್ಲ. ನಮ್ಮ ಅಣ್ಣ ಇಲ್ಲ."

"ಅಂದ್ರೆ, ನಾನೇ ಅವರನ್ನ ಕಳಿಸಿದ್ದು."

"ಬ್ರೇಕ್ ಸವೆದಿತ್ತು. ತನಿಖೆ ಮಾಡಿದವರೇ ಹೇಳಿದ್ರಲ್ಲ. ಅವತ್ತು ಯಾರು ಹೋಗಿದ್ರೂ ಅದೇ ಆಗ್ತಿತ್ತು. ನಿಮ್ಮ ತಪ್ಪಲ್ಲ."

ಅತ್ತಿಗೆ ತಲೆಯೆತ್ತಿದಳು. "ಇಷ್ಟು ಸರಳವಾದ ಮಾತು. ಇದನ್ನ ಅವತ್ತೇ ಯಾಕೆ ಹೇಳಲಿಲ್ಲ?"

ಆಕೆ ಬಂದದ್ದು ತನ್ನ ಪಾಠವನ್ನು ತಿದ್ದುವುದಕ್ಕೆ. ಈ ಪ್ರಶ್ನೆ ಬರುತ್ತದೆಂದು ಎಣಿಸಿರಲಿಲ್ಲ. ಉತ್ತರ ಮಾತ್ರ ಇಷ್ಟು ವರ್ಷವೂ ಒಳಗೇ ಇತ್ತು.

"ನನಗೂ ನಿಮ್ಮ ಮೇಲೆ ಸಿಟ್ಟಿತ್ತು. ನಿಮ್ಮಿಂದಲೇ ಅಣ್ಣ ಹೋದ ಅಂತ ಅನ್ನಿಸಿತ್ತು. ನಿಮ್ಮ ತಪ್ಪಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ. ಅದಕ್ಕೇ ಫಿಸಿಕ್ಸ್ ಹೇಳಿದೆ."

ಅತ್ತಿಗೆ ಯಂತ್ರದ ಚಕ್ರದಿಂದ ಕೈ ತೆಗೆದಳು.

"ಈಗ ಹೇಳಿದ್ದೂ ಬರೀ ಸಮಾಧಾನಕ್ಕಲ್ಲ ಅಂತ ಹೇಗೆ ನಂಬಲಿ?" ಎಂದಳು. ಅದರಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ಮೇಡಂ ಕೈಗಂಟಿದ ಚಾಕ್ ಪುಡಿಯನ್ನು ನೋಡಿಕೊಂಡಳು.

"ಈಗ ಹೋಗು ಪುಟ್ಟಿ. ನನಗೆ ನಿಮ್ಮಣ್ಣನಿಗಾಗಿ ಅಳಬೇಕು. ಇಷ್ಟು ವರ್ಷ ಅತ್ತೇ ಇಲ್ಲ."

ಆಕೆ ಬಾಗಿಲು ಎಳೆದುಕೊಂಡು ಕೆಳಗಿಳಿದಳು. ಅಂಗಡಿಯವರು ಎದ್ದು ನಿಂತು ಏನಾಯಿತು ಎಂಬಂತೆ ನೋಡಿದರು. ಈ ಸಂದೇಶ ಹೊರಲು ತಾನು ತಕ್ಕವಳಲ್ಲ, ಕೇಳುವುದಿದ್ದರೆ ನೀವೇ ಕೇಳಿ, ಆದರೆ ಇವತ್ತು ಬೇಡ, ಈ ತಿಂಗಳೂ ಬೇಡ ಎಂದಳು. ಅವರು ಕಾರಣ ಕೇಳದೆ, ಒಳಗಿನ ಸ್ಟೂಲನ್ನು ತಂದು ಅವಳ ಮುಂದೆ ಇಟ್ಟರು.

ಅಲ್ಲಿ ಕೂರುವಷ್ಟು ಧೈರ್ಯ ಆಕೆಗಿರಲಿಲ್ಲ. ಹೊರಟುಹೋಗುವುದೂ ಆಗಲಿಲ್ಲ. ಅತ್ತಿಗೆ ಕರೆದರೂ ಕರೆಯಬಹುದೆಂದು, ಮೆಟ್ಟಿಲಿನ ಬುಡದಲ್ಲಿ ಗೋಡೆಗೆ ಒರಗಿ ನಿಂತಳು.